ಸಂಶೋಧನ ಲೇಖನವೂ ಬಲ್ಲವರ ಒರೆಗಲ್ಲೂ

ಹೋಟಗಿ, ಅಕ್ಕಲಕೋಟೆಗಳ ಕಡೆಯ ಅಧ್ಯಾಪಕರು ಗುಡಿಯ ಕಲ್ಲು, ಮಠದ ಓಲೆಗರಿಗಳನ್ನು ಕುರಿತು ಬರೆಯುವುದುಂಟು. ಆ ಬರಹ ಸ್ಮರಣಸಂಚಿಕೆಗಳಲ್ಲಿ ಅಚ್ಚಾಗುತ್ತದೆ, ಮೆಚ್ಚುಗೆಯೂ ದೊರೆಯುತ್ತದೆ. ಅದನ್ನೇ ವಿದ್ವತ್ಪತ್ರಿಕೆಗೆ ಕಳುಹಿಸಿರೆಂದರೆ ಮಾತ್ರ ಹಿಂಜರಿಯುತ್ತಾರೆ. ಹಳ್ಳಿಯ ಶಾಲೆಯವರ ಬರಹವನ್ನು ಅಲ್ಲಿ ಯಾರು ಓದುವರೆಂಬ ಸಂಕೋಚ ಒಂದು. ತಿದ್ದಿಸಿಕೊಳ್ಳಲೊಲ್ಲದ ಅಭಿಮಾನ ಇನ್ನೊಂದು. ಎರಡನೆಯದೇ ಬಲವಾದುದೆಂದು ನನ್ನ ಎಣಿಕೆ.

ಇಲ್ಲಿ ಸದಲಗದ ಡಾ. ಆ. ನೇ. ಉಪಾಧ್ಯೆಯವರನ್ನು ನೆನೆಯಬೇಕು. 1930ರಿಂದ 1962ರ ವರೆಗೆ ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಅರ್ಧಮಾಗಧಿಯ ಪಾಠ ಹೇಳಿದ ಗಡಿನಾಡಿನ ಅಧ್ಯಾಪಕರು ಅವರು. ಕರ್ನಾಟಕದಲ್ಲಿ ಬಾಳಿ ಮರೆಯಾದ ಯಾಪನೀಯವೆಂಬ ಜೈನ ಸಂಘವನ್ನು ಕುರಿತ ಅವರ ಲೇಖನ 1933ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಪತ್ರಿಕೆಯಲ್ಲಿ ಬಂದಿತು. ಆಗ ಅವರಿಗೆ ಮೂವತ್ತು ತುಂಬಿರಲಿಲ್ಲ. 1974ರಲ್ಲಿ ಪುಣೆಯ ಭಾಂಡಾರಕರ ಸಂಸ್ಥೆಯ ಪತ್ರಿಕೆಯಲ್ಲಿ ಅದೇ ವಿಷಯವನ್ನು ಮತ್ತೆ ಎತ್ತಿಕೊಂಡು, ಹೆಚ್ಚಿನ ಆಧಾರಗಳನ್ನು ಕೂಡಿಸಿ ಬರೆದರು. ನಲವತ್ತೊಂದು ವರ್ಷಗಳ ಮೇಲೆ! ತಮ್ಮ ಮೊದಲ ಮಾತೇ ಕಡೆಯ ಮಾತೆಂದು ಅವರು ತಿಳಿಯಲಿಲ್ಲ.

ನಮ್ಮ ಲೇಖನಗಳಲ್ಲಿ ಕೊರತೆಯಿರುವುದು ಇಲ್ಲಿಯೇ. 'ಅತಿ ಪ್ರಾಚೀನ ಶಾಸನ' ಎನ್ನುತ್ತೇವೆ, ಶಕವರ್ಷ ಕೊಡುವುದಿಲ್ಲ. ಸವೆದ ಅಕ್ಷರವನ್ನು ಊಹೆಯಿಂದ ತುಂಬಿ, ಊಹೆಯೆಂದು ಹೇಳುವುದಿಲ್ಲ. ಆ ಕಲ್ಲು 'ಎಪಿಗ್ರಾಫಿಯಾ ಇಂಡಿಕಾ'ದಲ್ಲಿ ಆಗಲೇ ಬಂದಿದೆಯೋ ಎಂದು ನೋಡುವುದಂತೂ ಇಲ್ಲವೇ ಇಲ್ಲ. ವಿದ್ವತ್ಪತ್ರಿಕೆಯ ಸಂಪಾದಕರು ಲೇಖಕರ ಹೆಸರು ಮರೆಸಿ, ವಿಷಯ ಬಲ್ಲ ಒಬ್ಬಿಬ್ಬರಿಗೆ ಬರಹವನ್ನು ಕಳುಹಿಸುತ್ತಾರೆ. ಕಲ್ಲಿನ ಕಾಗದದಚ್ಚು ಎಲ್ಲಿ, ಹಿಂದೆ ಓದಿದವರಾರು ಎಂದು ಅವರು ಕೇಳುತ್ತಾರೆ. ಕೇಳಿದ್ದಕ್ಕೆ ಉತ್ತರ ಬರೆಯಬೇಕು, ಮುನಿಯಬಾರದು.

ಹಣ ತೆತ್ತೊಡನೆ, ಓದದೆಯೇ ಅಚ್ಚುಹಾಕುವ ಪತ್ರಿಕೆಗಳೂ ಉಂಟು. ಬಡ್ತಿಯ ಲೆಕ್ಕಕ್ಕೆ ಅವು ಹುಟ್ಟಿದಂತಿವೆ. ಯು.ಜಿ.ಸಿ. 2019ರಲ್ಲಿ 'ಕೇರ್' ಎಂಬ ಪಟ್ಟಿ ಮಾಡಿತು, 2025ರಲ್ಲಿ ಕೈಬಿಟ್ಟಿತು. ಪಿಎಚ್.ಡಿ.ಗೆ ಲೇಖನಪ್ರಕಟಣೆಯ ಕಡ್ಡಾಯವೂ 2022ರಲ್ಲೇ ಹೋಯಿತು. ಒಳ್ಳೆಯದಾಯಿತೆಂದೇ ನಾನು ಹೇಳುವೆ. ಇನ್ನು ಬರೆಯುವವರು ಹೇಳುವುದಿದ್ದರೆ ಬರೆದಾರು.

ನಮ್ಮ ಸಂಘವು ಮುಂದಿನ ಸಂಚಿಕೆಯ ಶಾಸನಲೇಖನಗಳನ್ನು ಅಚ್ಚಿಗೆ ಮೊದಲು ಇಬ್ಬರಿಂದ ಓದಿಸಬಹುದು: ಒಬ್ಬರು ಕನ್ನಡ ಬಲ್ಲವರು, ಒಬ್ಬರು ಮರಾಠಿ ಬಲ್ಲವರು. ಈ ಸೀಮೆಯ ಕಲ್ಲುಗಳಿಗೆ ಇಬ್ಬರೂ ಬೇಕು. ಅವರ ಟಿಪ್ಪಣಿಗಳೊಡನೆ ಲೇಖನ ಬರೆದವರಿಗೆ ಮರಳಲಿ. ಆರು ತಿಂಗಳು ತಡವಾದರೂ ಆಗಲಿ.