ಎರಡು ಕೋರ್ಟುಗಳ ಅಮೆರಿಕ

ಬೆಂಗಳೂರಿನ ನ್ಯಾಯಾಧೀಶರೊಬ್ಬರು ಸಂಸತ್ತಿನ ಕಾನೂನನ್ನೂ ನಮ್ಮ ವಿಧಾನಮಂಡಲದ ಕಾನೂನನ್ನೂ ಒಂದೇ ಪೀಠದಲ್ಲಿ ಕೂತು ಅನ್ವಯಿಸುತ್ತಾರೆ. ಅಮೆರಿಕದಲ್ಲಿ ಹಾಗಲ್ಲ. 1789ರ ನ್ಯಾಯಾಂಗ ಕಾಯ್ದೆಯ ಕಾಲದಿಂದ ಅಲ್ಲಿ ಎರಡು ನ್ಯಾಯಾಂಗಗಳು ಅಕ್ಕಪಕ್ಕ ನಡೆದುಬಂದಿವೆ. ಫೆಡರಲ್ ಕಡೆ 94 ಜಿಲ್ಲಾ ಕೋರ್ಟು, 13 ಮೇಲ್ಮನವಿ ಕೋರ್ಟು, ಎಲ್ಲದರ ಮೇಲೆ ಒಂಬತ್ತು ನ್ಯಾಯಮೂರ್ತಿಗಳ ಸುಪ್ರೀಂ ಕೋರ್ಟು. ರಾಜ್ಯಗಳದು ಒಂದೊಂದು ಬಗೆ. ನ್ಯೂಯಾರ್ಕಿನಲ್ಲಿ ಸುಪ್ರೀಂ ಕೋರ್ಟ್ ಎಂಬ ಹೆಸರಿರುವುದು ವಿಚಾರಣಾ ನ್ಯಾಯಾಲಯಕ್ಕೆ. ಟೆಕ್ಸಾಸಿನಲ್ಲಿ ಸಿವಿಲ್‌ಗೊಂದು, ಕ್ರಿಮಿನಲ್‌ಗೊಂದು ಅತ್ಯುನ್ನತ ಕೋರ್ಟು. ಕೊಲೆ, ವಿಚ್ಛೇದನ, ಬಾಡಿಗೆ ತಕರಾರು, ಅಪಘಾತದ ಪರಿಹಾರ ಬಹುಮಟ್ಟಿಗೆ ರಾಜ್ಯ ಕೋರ್ಟುಗಳಲ್ಲೇ ತೀರ್ಮಾನವಾಗುತ್ತವೆ. ಸಾಮಾನ್ಯ ಕಕ್ಷಿದಾರ ಫೆಡರಲ್ ಕೋರ್ಟಿಗೆ ಹೋಗಬೇಕಾದರೆ ಫೆಡರಲ್ ಕಾನೂನಿನ ಪ್ರಶ್ನೆ ಇರಬೇಕು, ಇಲ್ಲವೇ ಬೇರೆ ಬೇರೆ ರಾಜ್ಯದವರ ನಡುವೆ 75,000 ಡಾಲರಿಗೂ ಮಿಕ್ಕಿದ ದಾವೆ ಆಗಿರಬೇಕು.

ಈ ಇಮ್ಮಡಿ ಏರ್ಪಾಡು ಬೇಕೇ? ಬೇಕು ಎಂದೇ ನನ್ನ ನಿಲುವು. 1991ರಲ್ಲಿ ಲಾಸ್ ಏಂಜಲೀಸಿನ ಪೊಲೀಸರು ರಾಡ್ನಿ ಕಿಂಗ್ ಅವರನ್ನು ಥಳಿಸಿದ್ದನ್ನು ಜಗತ್ತೇ ವಿಡಿಯೊದಲ್ಲಿ ಕಂಡಿತ್ತು. ಆದರೂ ಮರುವರ್ಷ ರಾಜ್ಯ ಕೋರ್ಟಿನ ಜ್ಯೂರಿ ಯಾರನ್ನೂ ತಪ್ಪಿತಸ್ಥರೆನ್ನಲಿಲ್ಲ. ನಗರ ಹೊತ್ತಿ ಉರಿಯಿತು. 1993ರಲ್ಲಿ ಇಬ್ಬರು ಪೊಲೀಸರಿಗೆ ಶಿಕ್ಷೆಯಾದದ್ದು ನಾಗರಿಕ ಹಕ್ಕಿನ ಕಾನೂನಿನಡಿ ಫೆಡರಲ್ ಕೋರ್ಟಿನಲ್ಲಿ. ಒಂದೇ ಕೃತ್ಯಕ್ಕೆ ಎರಡು ಸಲ ವಿಚಾರಣೆ ಎಂಬ ಆಕ್ಷೇಪ ಹಗುರವಾದದ್ದಲ್ಲ. 2019ರಲ್ಲಿ ಸುಪ್ರೀಂ ಕೋರ್ಟು ಇಂಥ ಎರಡು ವಿಚಾರಣೆಯನ್ನು ಎತ್ತಿಹಿಡಿದದ್ದು, ಅಲಬಾಮದಲ್ಲಿ ಬಂದೂಕು ಇಟ್ಟುಕೊಂಡದ್ದಕ್ಕೆ ಎರಡೂ ಕಡೆ ಶಿಕ್ಷೆಗೊಳಗಾದವನ ಮೊಕದ್ದಮೆಯಲ್ಲಿ. ಬಲವಿಲ್ಲದವನಿಗೆ ಆಸರೆಯಾದ ತತ್ವವೇ ಸರ್ಕಾರಕ್ಕೂ ಇನ್ನೊಂದು ಅವಕಾಶ ಕೊಡುತ್ತದೆ.

ನನಗೆ ಒಪ್ಪಲಾಗದ್ದು ಬೇರೆ. ಫೆಡರಲ್ ಜಿಲ್ಲಾ ನ್ಯಾಯಾಧೀಶರನ್ನು ಅಧ್ಯಕ್ಷರು ಸೆನೆಟಿನ ಒಪ್ಪಿಗೆಯಿಂದ ನೇಮಿಸುತ್ತಾರೆ, ಹುದ್ದೆ ಆಜೀವ. ಬಹುಪಾಲು ರಾಜ್ಯಗಳಲ್ಲಿ ನ್ಯಾಯಾಧೀಶರು ಯಾವುದಾದರೊಂದು ರೂಪದ ಚುನಾವಣೆ ಎದುರಿಸುತ್ತಾರೆ. ವೆಸ್ಟ್ ವರ್ಜೀನಿಯಾದಲ್ಲಿ ಮ್ಯಾಸ್ಸಿ ಕಲ್ಲಿದ್ದಲು ಕಂಪನಿಯ ಮೇಲೆ 5 ಕೋಟಿ ಡಾಲರಿನ ತೀರ್ಪು ಬಿದ್ದಿತ್ತು. ಮೇಲ್ಮನವಿ ಬರುವ ಮುನ್ನ ಕಂಪನಿಯ ಮುಖ್ಯಸ್ಥರು ರಾಜ್ಯದ ಅತ್ಯುನ್ನತ ಕೋರ್ಟಿನ ಚುನಾವಣೆಯಲ್ಲಿ ಒಬ್ಬ ಅಭ್ಯರ್ಥಿಯ ಪರ ಸುಮಾರು 30 ಲಕ್ಷ ಡಾಲರ್ ಸುರಿದರು. ಗೆದ್ದ ಆ ನ್ಯಾಯಮೂರ್ತಿ ಹಿಂದೆ ಸರಿಯಲಿಲ್ಲ. ತೀರ್ಪು 3–2ರಲ್ಲಿ ರದ್ದಾಯಿತು. 2009ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಅವರು ಆ ಪೀಠದಲ್ಲಿ ಕೂರಬಾರದಿತ್ತು ಎಂದಿತು, ಅದೂ 5–4ರ ಅಂತರದಲ್ಲಿ. ಇಷ್ಟು ನಿಚ್ಚಳ ಸಂಗತಿಗೂ ನಾಲ್ವರ ಭಿನ್ನಮತ! ಜನರ ಬಹುಪಾಲು ವ್ಯಾಜ್ಯ ನಡೆಯುವ ಕಡೆಯೇ ಹಣದ ಒತ್ತಡವೂ ಹೆಚ್ಚು ಎಂಬುದು ಈ ರಚನೆಯ ದೊಡ್ಡ ದೋಷ.

ನ್ಯೂಜೆರ್ಸಿ, ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ನಮ್ಮವರಿಗೂ ಇದು ದೂರದ ಮಾತಲ್ಲ. ಅವರ ವಿಚ್ಛೇದನ ರಾಜ್ಯ ಕೋರ್ಟಿನದು, ವೀಸಾ ಫೆಡರಲ್ ಸರ್ಕಾರದ್ದು. ರಾಜ್ಯ ಕೋರ್ಟಿನಲ್ಲಿ ಬೇಗ ಮುಗಿಯಲೆಂದು ತಪ್ಪೊಪ್ಪಿಕೊಂಡರೆ ಫೆಡರಲ್ ಕಾನೂನು ಗಡೀಪಾರು ಮಾಡಬಹುದು. ನಲವತ್ತು ವರ್ಷ ಅಲ್ಲೇ ಬಾಳಿ, ವಿಯೆಟ್ನಾಂ ಯುದ್ಧದಲ್ಲಿ ಸೇವೆ ಸಲ್ಲಿಸಿದ್ದ ಹೋಸೆ ಪಡಿಯ್ಯಾ ಅವರಿಗೆ ಕೆಂಟಕಿಯಲ್ಲಿ ಎದುರಾದದ್ದು ಇದೇ ಅಪಾಯ. ಚಿಂತೆ ಬೇಡ ಎಂದಿದ್ದರು ಅವರ ವಕೀಲರು. ಇಂಥ ಅಪಾಯವನ್ನು ಕಕ್ಷಿದಾರನಿಗೆ ಹೇಳುವುದು ವಕೀಲನ ಕರ್ತವ್ಯ ಎಂದು ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿದ್ದು 2010ರಲ್ಲಿ, ವ್ಯವಸ್ಥೆಗೆ ಇನ್ನೂರಿಪ್ಪತ್ತು ವರ್ಷ ದಾಟಿದ ಮೇಲೆ.