ಕಾಲು ಗಂಟೆಯ ಕನ್ನಡ

ಕ್ಯುಪರ್ಟಿನೋದಲ್ಲಿ ಬೇಸಿಗೆಯ ಸಂಜೆ ಆರೂವರೆ ಎಂದರೆ ಬೆಂಗಳೂರಿನಲ್ಲಿ ಮಾರನೆಯ ಬೆಳಗ್ಗೆ ಏಳು. ಇಲ್ಲಿ ಮಗು ಈಜು ಕಲಿತು ಒದ್ದೆ ತಲೆಯಲ್ಲೇ ಮನೆಗೆ ಬಂದಿರುತ್ತದೆ. ಅಲ್ಲಿ ಅಜ್ಜಿ ಕಾಫಿ ಲೋಟ ಹಿಡಿದು ಫೋನಿನ ಮುಂದೆ ಕೂತಿರುತ್ತಾರೆ. ‘ಊಟ ಆಯ್ತಾ ಪುಟ್ಟಾ?’ ಎಂದು ಅಜ್ಜಿ ಕೇಳಿದರೆ ‘ಯೆಸ್ ಅಜ್ಜಿ’ ಎಂಬ ಉತ್ತರ. ಪ್ರಶ್ನೆ ಕಿವಿಗೆ ಹೊಕ್ಕಿದೆ, ಉತ್ತರ ನಾಲಿಗೆಗೆ ಬಂದಿಲ್ಲ. ಬೇ ಏರಿಯಾದ ಅನೇಕ ಕನ್ನಡ ಮನೆಗಳಲ್ಲಿ ತಂದೆತಾಯಿಯರು ಈ ಅಂತರ ತುಂಬಲು ಫೋನಿನಲ್ಲೇ ಏನಾದರೂ ಸಿಗುತ್ತದೆಯೇ ಎಂದು ಹುಡುಕುತ್ತಾರೆ. ಸಿಗುವುದು ಬಹಳ ಇದೆ. ಆದರೆ ದಿನಕ್ಕೆ ಕಾಲು ಗಂಟೆ ಮಾತ್ರ ಬಿಡುವಿರುವ ಮನೆಗೆ ಅದರಲ್ಲಿ ಯಾವುದು ದಕ್ಕುತ್ತದೆ?

ಮೊದಲು ಲೆಕ್ಕ. ಅಮೆರಿಕದ ರಾಜತಾಂತ್ರಿಕರಿಗೆ ಭಾಷೆ ಕಲಿಸುವ ಫಾರಿನ್ ಸರ್ವಿಸ್ ಇನ್‌ಸ್ಟಿಟ್ಯೂಟ್ ನಮ್ಮ ನೆರೆಯ ತಮಿಳು, ತೆಲುಗುಗಳಿಗೆ 44 ವಾರ, ಅಂದರೆ ಸುಮಾರು 1,100 ಗಂಟೆಗಳ ತರಗತಿ ಬೇಕೆಂದು ಇಟ್ಟುಕೊಂಡಿದೆ. ಕನ್ನಡಕ್ಕೂ ಅಷ್ಟೇ ಹಿಡಿದರೆ, ದಿನಕ್ಕೆ ಕಾಲು ಗಂಟೆಯಂತೆ ಹನ್ನೆರಡು ವರ್ಷ. ಮನೆಮಾತನ್ನು ಕೇಳುತ್ತಲೇ ಬೆಳೆದ ಮಗುವಿಗೆ ಇಷ್ಟು ಬೇಡ, ನಿಜ. ಆದರೂ ಪೋಲು ಮಾಡಲು ಒಂದು ನಿಮಿಷವೂ ಇಲ್ಲ. ಕೆಲವು ಭಾಷೆಗಳಿಗೆ ಶಾಲೆಯ ನೆರವಿದೆ: ಕ್ಯುಪರ್ಟಿನೋದ ಸರ್ಕಾರಿ ಶಾಲಾ ವ್ಯವಸ್ಥೆಯಲ್ಲಿ 1998ರಿಂದ ಮ್ಯಾಂಡರಿನ್ ಮಾಧ್ಯಮದ ಪಾಠಕ್ರಮವೊಂದು ನಡೆದುಬಂದಿದೆ. ಅಲ್ಲಿ ಓದುವ ಮಗುವಿಗೆ ಶಾಲೆಯ ಹೊತ್ತಿನಲ್ಲೇ ಭಾಷೆ ಸಿಗುತ್ತದೆ. ಕನ್ನಡಕ್ಕೆ ಇರುವುದು ವಾರಾಂತ್ಯದ ತರಗತಿ, ಅದಕ್ಕೆ ಸ್ವಯಂಸೇವಕರೇ ಗುರುಗಳು. ಉತ್ತರ ಕ್ಯಾಲಿಫೋರ್ನಿಯಾ ಕನ್ನಡ ಕೂಟ ಹುಟ್ಟಿದ್ದು 1973ರಲ್ಲಿ. ಅರ್ಧ ಶತಮಾನದಿಂದ ಈ ಸೀಮೆಯ ಕನ್ನಡ ನಿಂತಿರುವುದು ಇಂಥ ಸ್ವಯಂಸೇವೆಯ ಮೇಲೆಯೇ. ವಾರದ ಉಳಿದ ಆರು ದಿನಕ್ಕೆ ಅಂತರ್ಜಾಲ.

ಅಲ್ಲಿ ಮೊದಲ ನಿರಾಸೆ ಡುಯೊಲಿಂಗೊ. 2018ರಲ್ಲಿ ಹಿಂದಿ ಕಲಿಸಲು ಶುರುಮಾಡಿದ ಈ ಆ್ಯಪ್‌ನಲ್ಲಿ ಸ್ಟಾರ್ ಟ್ರೆಕ್‌ನ ಕ್ಲಿಂಗಾನ್ ಇದೆ, ಗೇಮ್ ಆಫ್ ಥ್ರೋನ್ಸ್‌ನ ಹೈ ವಲೇರಿಯನ್ ಇದೆ. ಕೋಟಿಗಟ್ಟಲೆ ಜನ ಆಡುವ ಕನ್ನಡಕ್ಕೆ ಪಾಠವಿಲ್ಲ. ಈ ಖಾಲಿ ಜಾಗದಲ್ಲಿ ‘ಮೂವತ್ತು ದಿನದಲ್ಲಿ ಕನ್ನಡ’ ಎನ್ನುವ ಬಗೆಯ ಸಣ್ಣಪುಟ್ಟ ಆ್ಯಪ್‌ಗಳು ಬೆಳೆದಿವೆ. ಹಲವುಗಳ ತಿರುಳು ಒಂದೇ: ಬಣ್ಣ, ಹಣ್ಣು, ಪ್ರಾಣಿಗಳ ಪಟ್ಟಿ, ಅದೂ ಇಂಗ್ಲಿಷ್ ಲಿಪಿಯಲ್ಲಿ. ಕನ್ನಡಕ್ಕೆ ಇಂಗ್ಲಿಷ್ ಲಿಪಿ ಎಷ್ಟು ಅಪಾಯ ಎಂಬುದಕ್ಕೆ ಅಡುಗೆಮನೆಯ ಒಂದು ಪದ ಸಾಕು. ‘ಬಿ-ಇ-ಎಲ್-ಇ’ ಎಂದು ಬರೆದರೆ ಅದು ಬೆಲೆಯೋ, ಬೆಳೆಯೋ, ಸಾರಿಗೆ ಹಾಕುವ ಬೇಳೆಯೋ? ಲಿಪಿಗೆ ಹೆದರಿ ಮುಂದೂಡಿದವರು ಆಮೇಲೆ ಉಚ್ಚಾರಣೆ ತಿದ್ದಿಕೊಳ್ಳಲು ಇನ್ನಷ್ಟು ಸಮಯ ಕೊಡಬೇಕಾಗುತ್ತದೆ. ದಿನಕ್ಕೆ ಕಾಲು ಗಂಟೆಯಲ್ಲಿ ಅಕ್ಷರಮಾಲೆ, ಕಾಗುಣಿತ ಕೆಲವು ವಾರಗಳಲ್ಲಿ ಕೈಗೆ ಹತ್ತುತ್ತವೆ.

ಕಲಿತ ಅಕ್ಷರವನ್ನು ಒತ್ತಲು ಕೀಲಿಮಣೆಯೂ ಬೇಕಲ್ಲ. ಕಂಪ್ಯೂಟರಿನಲ್ಲಿ ಲಿಪಿಗಳಿಗೆ ಸಂಕೇತ ಗೊತ್ತುಮಾಡುವ, ಇದೇ ಬೇ ಏರಿಯಾದ ಯೂನಿಕೋಡ್ ಸಂಸ್ಥೆ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನ ಕೊಟ್ಟಿತ್ತು. ಆದರೆ ಕ್ಯುಪರ್ಟಿನೋದ್ದೇ ಆದ ಆ್ಯಪಲ್ ತನ್ನ ಐಫೋನಿನಲ್ಲಿ ಕನ್ನಡ ಕೀಲಿಮಣೆ ತಂದದ್ದು 2017ರ ಐಓಎಸ್ 11ರಲ್ಲಿ. ಅಂದಿನಿಂದ ಅಜ್ಜಿಗೆ ‘ಊಟ ಆಯ್ತು’ ಎಂದು ಎರಡು ಪದ ಕಳಿಸುವುದು ಸುಲಭ. ಈ ಎರಡು ಪದದ ಸಂದೇಶ ಹತ್ತು ಹಾಳೆ ಕಾಪಿ ಬರೆಯುವುದಕ್ಕಿಂತ ಮೇಲು, ಅದಕ್ಕೆ ಮರುತ್ತರ ಬರುತ್ತದೆ.

ಇನ್ನು ನಿಘಂಟು. ಇಲ್ಲಿ ಕನ್ನಡಿಗರು ಹೆಮ್ಮೆಯಿಂದ ತೋರಿಸಬಹುದಾದ ಕೆಲಸವೊಂದಿದೆ: ‘ಅಲರ್’. ವಿ. ಕೃಷ್ಣ ಅವರು ಹಲವು ದಶಕ ಒಬ್ಬರೇ ಕೂತು ಕಟ್ಟಿದ ಕನ್ನಡ-ಇಂಗ್ಲಿಷ್ ಕೋಶ, ಒಂದೂವರೆ ಲಕ್ಷಕ್ಕೂ ಹೆಚ್ಚು ಪದ. ತಂತ್ರಜ್ಞ ಕೈಲಾಶ್ ನಾಧ್ ಅವರ ನೆರವಿನಿಂದ ಅದು 2019ರಲ್ಲಿ ಎಲ್ಲರಿಗೂ ಮುಕ್ತವಾಯಿತು. ನಾಧ್ ರೂಪಿಸಿದ ‘ಕೆಎನ್‌ಫೋನ್’ ಎಂಬ ತಂತ್ರ ಅಕ್ಷರವನ್ನಲ್ಲ, ಉಲಿಯನ್ನು ಹಿಡಿದು ಪದ ಹುಡುಕುತ್ತದೆ. ಲಕಾರ ಳಕಾರ ಬೇರೆಬೇರೆ ಕೇಳಿಸದ, ಅಲ್ಪಪ್ರಾಣ ಮಹಾಪ್ರಾಣ ಇನ್ನೂ ಕಿವಿಗೆ ಕೂರದ ಮಗುವಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ತಪ್ಪು ಬರೆದರೂ ಸರಿಯಾದ ಪದದ ಹತ್ತಿರ ಹೋಗುವ ದಾರಿಯಿದೆ.

ಆದರೂ ಅದು ಕೋಶ, ಗುರುವಲ್ಲ. ಅಜ್ಜಿಯ ಕೈಯಿಂದ ಲೋಟ ಜಾರಿತು ಎಂದಿಟ್ಟುಕೊಳ್ಳಿ. ‘ಅಯ್ಯೋ, ಲೋಟ ಬಿತ್ತು’ ಎನ್ನುತ್ತಾರೆ. ಮಗು ‘ಬಿತ್ತು’ ಎಂದು ಕೋಶದಲ್ಲಿ ನೋಡಿದರೆ ಸಿಗುವುದು ಹೊಲದಲ್ಲಿ ಬೀಜ ಬಿತ್ತುವ ಕೆಲಸ. ಬೀಳು ಎಂಬ ಧಾತು ಭೂತಕಾಲದಲ್ಲಿ ‘ಬಿತ್ತು’ ಆಗುತ್ತದೆ ಎಂಬುದನ್ನು ಹೇಳುವುದು ಕೋಶದ ಕೆಲಸವಲ್ಲ. ಬಾ-ಬಂತು, ಹೋಗು-ಹೋಯ್ತು, ಕೀಳು-ಕಿತ್ತ, ಕೊಡು-ಕೊಟ್ಟ: ದಿನಬಳಕೆಯ ಕ್ರಿಯಾಪದಗಳೇ ಅತಿ ಹೆಚ್ಚು ವೇಷ ಬದಲಿಸುತ್ತವೆ. ಇದಕ್ಕೆ ವ್ಯಾಕರಣ ಬೇಕು. ಹೆರಾಲ್ಡ್ ಸ್ಪೆನ್ಸರ್ ಅವರ 1914ರ ಕನ್ನಡ ವ್ಯಾಕರಣ ಇಂಟರ್ನೆಟ್ ಆರ್ಕೈವ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಅಭ್ಯಾಸಗಳ ಜೋಡಣೆ ಇಂದಿಗೂ ಮೆಚ್ಚುವಂಥದ್ದು, ವಾಕ್ಯಗಳು ಮಾತ್ರ ನೂರು ವರ್ಷ ಹಳೆಯವು.

ಓದಿಗೆ ‘ಸ್ಟೋರಿವೀವರ್’. ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಈ ತಾಣದಲ್ಲಿ ಚಿತ್ರಕಥೆಗಳು ನಾಲ್ಕು ಹಂತಗಳಲ್ಲಿವೆ; ಒಂದೇ ಕಥೆ ಹಲವು ಭಾಷೆಗಳಲ್ಲಿ ಸಿಗುತ್ತದೆ. ಮೊದಲ ಹಂತದ ಪುಟದಲ್ಲಿ ದೊಡ್ಡ ಚಿತ್ರ, ಕೆಳಗೆ ಒಂದೆರಡು ಸಾಲು. ಇಂಗ್ಲಿಷ್ ಆವೃತ್ತಿ ಓದಿ ಅದೇ ಕಥೆಯನ್ನು ಕನ್ನಡದಲ್ಲಿ ತೆರೆದರೆ ಅರ್ಥಕ್ಕೆ ತಡಕಾಡುವ ಕೆಲಸ ತಪ್ಪುತ್ತದೆ, ಹತ್ತು ನಿಮಿಷಕ್ಕೆ ಒಂದು ಪುಸ್ತಕ ಮುಗಿಯುತ್ತದೆ. ‘ಕನ್ನಡ ಕಲಿಯಿರಿ’ ಎಂಬ ಹಣೆಪಟ್ಟಿಯೇ ಇಲ್ಲದ ಈ ತಾಣ ಆ ಹಣೆಪಟ್ಟಿ ಹೊತ್ತ ಅನೇಕ ಆ್ಯಪ್‌ಗಳಿಗಿಂತ ಹೆಚ್ಚು ಕಲಿಸುತ್ತದೆ. ಪದಗಳು ಇಲ್ಲಿ ಒಂಟಿಯಾಗಿ ಬರುವುದಿಲ್ಲ, ವಾಕ್ಯದಲ್ಲಿ ವಿಭಕ್ತಿ ತೊಟ್ಟು ಬರುತ್ತವೆ.

ಈ ಎಲ್ಲವನ್ನೂ ದಾಟಿ ಉಳಿಯುವ ಕೊರತೆ ಒಂದೇ, ಅದೇ ದೊಡ್ಡದು: ಆಡುಮಾತು. ಪುಸ್ತಕ ‘ಬರುತ್ತೇನೆ’ ಎನ್ನುತ್ತದೆ. ಮೈಸೂರಿನ ಅಜ್ಜಿ ‘ಬರ್ತೀನಿ’ ಎನ್ನುತ್ತಾರೆ, ಧಾರವಾಡದ ಅಜ್ಜಿ ‘ಬರ್ತೇನಿ’, ಕುಂದಾಪುರದ ಅಜ್ಜಿ ‘ಬತ್ತೆ’. ಗೂಗಲ್ ಟ್ರಾನ್ಸ್‌ಲೇಟ್‌ಗೆ ಕನ್ನಡ ಬಂದದ್ದು 2011ರಲ್ಲಿ, ಬಹಳ ವರ್ಷವಾಯಿತು. ಅದರ ಕನ್ನಡ ಇವತ್ತಿಗೂ ಗ್ರಾಂಥಿಕದ ಕಡೆಗೇ ವಾಲುತ್ತದೆ. ‘ನೀವು ಹೇಗಿದ್ದೀರಿ’ ಎಂದು ಅಜ್ಜಿಯನ್ನು ಕೇಳಿದರೆ ತಪ್ಪಲ್ಲ, ಆದರೆ ಯಾವ ಮೊಮ್ಮಗುವೂ ಹಾಗೆ ಕೇಳುವುದಿಲ್ಲ. ಆಡುಮಾತಿನ ಕನ್ನಡದ ವ್ಯಾಕರಣವನ್ನು ಹೆರಾಲ್ಡ್ ಶಿಫ್‌ಮನ್ 1983ರಷ್ಟು ಹಿಂದೆಯೇ ಪುಸ್ತಕವಾಗಿ ತಂದಿದ್ದರು. ಆ ತಿಳಿವು ಮಕ್ಕಳ ಆ್ಯಪ್‌ಗಳಿಗೆ ಇಳಿದೇ ಇಲ್ಲ. ಬೆಂಗಳೂರಿನ ‘ಕನ್ನಡ ಗೊತ್ತಿಲ್ಲ’ ಬಳಗ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಪರವೂರಿನವರಿಗೆ ಕಲಿಸುವಾಗ ಬಳಕೆಯ ಮಾತನ್ನೇ ಹಿಡಿದದ್ದು ಸರಿಯಾದ ದಾರಿ. ಆದರೆ ಅಲ್ಲಿನ ಆಟೊ, ತರಕಾರಿ ಅಂಗಡಿಯ ಸಂಭಾಷಣೆ ಕ್ಯುಪರ್ಟಿನೋದ ಸ್ಟೀವನ್ಸ್ ಕ್ರೀಕ್ ರಸ್ತೆಯ ಮಗುವಿಗೆ ದೂರದ್ದು.

ಆ ಮಗುವಿಗೆ ಬೇಕಾದದ್ದು ‘ನನಗೆ’ ಎಂಬ ಒಂದು ಪದ, ಅದರ ಬೆನ್ನಿಗೆ ಬೇಕು, ಬೇಡ, ಸಾಕು, ಗೊತ್ತು, ಇಷ್ಟ. ಇಂಗ್ಲಿಷಿನಲ್ಲಿ ‘ನಾನು’ ಎಂದು ಶುರುವಾಗುವ ಬಹಳಷ್ಟು ಮಾತು ಕನ್ನಡದಲ್ಲಿ ‘ನನಗೆ’ ಎಂದು ಶುರುವಾಗುತ್ತದೆ: ನನಗೆ ಹಸಿವು, ನನಗೆ ನಿದ್ದೆ, ನನಗೆ ನೆನಪಿದೆ. ಪಾಠವೊಂದು ಒಳ್ಳೆಯದೋ ಅಲ್ಲವೋ ಎಂದು ತೂಗಲು ಇದೇ ಸಾಕು. ಮೊದಲ ವಾರದಲ್ಲಿ ‘ನನಗೆ ಬೇಡ’ ಬರುತ್ತದೆಯೋ, ‘ಕೆಂಪು, ಹಸಿರು, ಆನೆ’ ಬರುತ್ತದೆಯೋ ನೋಡಿದರೆ ತಿಳಿಯುತ್ತದೆ.

ಕಡೆಗೆ ಈ ಕಾಲು ಗಂಟೆಗೆ ಅತ್ಯುತ್ತಮ ಸಾಮಗ್ರಿಯನ್ನು ಇನ್ನೂ ಯಾರೂ ಕಟ್ಟಿದಂತಿಲ್ಲ: ಬೇರೆಬೇರೆ ಸೀಮೆಯ ಅಜ್ಜ-ಅಜ್ಜಿಯರ ಎರಡೆರಡು ನಿಮಿಷದ ಮಾತು, ಕೆಳಗೆ ಆಡಿದಂತೆಯೇ ಬರೆದ ಸಾಲು. ಇದನ್ನು ಮಾಡಲು ಕಂಪನಿ ಬೇಡ, ಒಂದು ಕನ್ನಡ ಕೂಟ ಸಾಕು. ಮೈಸೂರಿನಿಂದ ಕಲಬುರಗಿಯವರೆಗಿನ ಎಲ್ಲ ಕನ್ನಡವೂ ಅದರ ಸಂಕ್ರಾಂತಿ ಊಟದ ಪಂಕ್ತಿಯಲ್ಲೇ ಕೂತಿರುತ್ತದೆ. ಅಲ್ಲಿಯವರೆಗೆ ಆರೂವರೆಯ ಕರೆ ಇದೆ. ಅಮ್ಮ ಪಕ್ಕದಲ್ಲೇ ಕೂತು, ‘ಯೆಸ್’ ಬಂದಾಗೆಲ್ಲ ಮೆಲ್ಲಗೆ ‘ಆಯ್ತು’ ಎಂದು ಹೇಳಿಕೊಟ್ಟರೆ, ಆ ಬೆಳಗಿನ ಕಾಫಿ ಮುಗಿಯುವಷ್ಟರಲ್ಲಿ ಮಗು ಅದನ್ನು ಒಂದು ಸಲವಾದರೂ ತಾನಾಗಿಯೇ ಹೇಳಿರುತ್ತದೆ.