ಕೆಮ್ಮಿದಾಗ ನೋವೆಷ್ಟು?

ಬೈಪಾಸ್ ಆದವರಿಗೆ ಆಸ್ಪತ್ರೆಯಲ್ಲಿ ಬೇಗನೆ ಹೇಳಿಕೊಡುವ ಪಾಠವೊಂದಿದೆ: ದಿಂಬನ್ನು ಎದೆಗೊತ್ತಿ ಹಿಡಿದು ಜೋರಾಗಿ ಕೆಮ್ಮಿ. ಗರಗಸದಿಂದ ಸೀಳಿ, ತಂತಿಯಿಂದ ಬಿಗಿದ ಎದೆಮೂಳೆ ಇಟ್ಟುಕೊಂಡು ಕೆಮ್ಮುವ ಕಷ್ಟ ಕೆಮ್ಮಿದವರಿಗೇ ಗೊತ್ತು. ಹೆದರಿ ಸುಮ್ಮನಿದ್ದರೆ ಕಫ ಶ್ವಾಸಕೋಶದಲ್ಲೇ ಕಟ್ಟಿಕೊಳ್ಳುತ್ತದೆ. ನೋವಿಗೆಂದು ಕೊಡುವ ಮಾರ್ಫಿನ್ ಜಾತಿಯ ಔಷಧ ಹೆಚ್ಚಾದರೆ ಮಂಪರು, ವಾಕರಿಕೆ ಬರುತ್ತವೆ, ಉಸಿರೂ ನಿಧಾನವಾಗುತ್ತದೆ. ಹಾಗಾಗಿ ಎದೆಯ ನರಗಳನ್ನಷ್ಟೇ ಮರಗಟ್ಟಿಸುವ ‘ಬ್ಲಾಕ್’ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ.

ಬೆಂಗಳೂರಿಗೆ ಇದು ಹೊಸದಲ್ಲ. ಎದೆಮಟ್ಟದಲ್ಲಿ ಬೆನ್ನುಹುರಿಯ ಪಕ್ಕಕ್ಕೆ ಔಷಧ ಬಿಡುವ ಎಪಿಡ್ಯೂರಲ್ ಪಡೆದ 2,113 ಹೃದ್ರೋಗಿಗಳ ಅನುಭವವನ್ನು ಡಾ. ಮುರಳಿ ಚಕ್ರವರ್ತಿ ಮತ್ತು ಸಂಗಡಿಗರು 2005ರಲ್ಲೇ ಪ್ರಕಟಿಸಿದ್ದರು. ಆದರೂ ಅರಿವಳಿಕೆ ವೈದ್ಯರ ಅಳುಕು ಹೋಗಲಿಲ್ಲ. ಹೃದಯ ಶಸ್ತ್ರಚಿಕಿತ್ಸೆಯಲ್ಲಿ ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಕೊಡುತ್ತಾರೆ. ಆಗ ಎಪಿಡ್ಯೂರಲ್ ಸೂಜಿ ಚುಚ್ಚಿದಲ್ಲಿ, ಬೆನ್ನುಹುರಿಯ ಪಕ್ಕದಲ್ಲಿ, ರಕ್ತ ಒಸರಿ ಒತ್ತಿದರೆ ಕಾಲುಗಳ ಸ್ವಾಧೀನವೇ ತಪ್ಪಬಹುದು.

2016ರಲ್ಲಿ ಬೆಳಕಿಗೆ ಬಂದ ಎರೆಕ್ಟರ್ ಸ್ಪೈನೆ ಬ್ಲಾಕ್‌ನಲ್ಲಿ ಸೂಜಿ ಬೆನ್ನುಹುರಿಯ ಹತ್ತಿರ ಹೋಗುವುದಿಲ್ಲ. ಅಲ್ಟ್ರಾಸೌಂಡ್ ನೋಡಿಕೊಂಡು ಬೆನ್ನಿನ ಸ್ನಾಯುವಿನ ಅಡಿಗೆ ಔಷಧ ಬಿಡುತ್ತಾರೆ. ಜಯದೇವ ಹೃದ್ರೋಗ ಸಂಸ್ಥೆಯ ಪಿ.ಎಸ್. ನಾಗರಾಜ ಮತ್ತು ತಂಡ 50 ರೋಗಿಗಳಲ್ಲಿ ಇದನ್ನು ಎಪಿಡ್ಯೂರಲ್ ಜೊತೆ ಹೋಲಿಸಿ 2018ರಲ್ಲಿ ವರದಿ ಮಾಡಿತು. ಮೊದಲ 12 ಗಂಟೆ ಎರಡೂ ಸಮ. 24 ಗಂಟೆಯಿಂದ 48ರವರೆಗೆ ಹೊಸ ಬ್ಲಾಕ್ ಪಡೆದವರಿಗೇ ನೋವು ಕಡಿಮೆ. ಮಲಗಿದ್ದಾಗಿನ ನೋವನ್ನಷ್ಟೇ ಅಲ್ಲ, ಕೆಮ್ಮಿದಾಗಿನ ನೋವನ್ನೂ ಅವರು ಅಳೆದರು. ಈ ಅಧ್ಯಯನದ ನಿಜವಾದ ಬೆಲೆ ಇರುವುದು ಅಲ್ಲೇ.

ಆದರೆ 50 ಜನರಿಂದ ಅಪರೂಪದ ಅಪಾಯ ಗೊತ್ತಾಗುವುದಿಲ್ಲ. ಬೆನ್ನಲ್ಲಿ ಬಿಟ್ಟ ಔಷಧ ಎದೆಯ ಮುಂಭಾಗದ ನರಗಳಿಗೆ ಎಲ್ಲರಲ್ಲೂ ಒಂದೇ ರೀತಿ ತಲುಪುತ್ತದೆಂಬ ಖಾತ್ರಿಯೂ ಇಲ್ಲ. ಬೈಪಾಸ್‌ಗೆಂದು ರಕ್ತನಾಳ ತೆಗೆದ ಕಾಲಿನ ಗಾಯ ಈ ಬ್ಲಾಕ್‌ನ ವ್ಯಾಪ್ತಿಗೇ ಬರುವುದಿಲ್ಲ. ಗುಡ್ಡ ಹತ್ತಿ ಇಳಿದೇ ಬದುಕಬೇಕಾದ ಮಲೆನಾಡಿನ ಕಳಸದವರಿಗೆ ಆ ಗಾಯವೇನೂ ಸಣ್ಣದಲ್ಲ.

ನನ್ನ ದೊಡ್ಡ ತಕರಾರು 48 ಗಂಟೆಯ ಆ ಗಡುವಿನ ಬಗ್ಗೆ. ಮಂಗಳೂರಿನಲ್ಲಿ ಬೈಪಾಸ್ ಮಾಡಿಸಿಕೊಂಡ ಮೂಡಿಗೆರೆಯ ರೋಗಿ ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಎದೆ ಹಿಡಿದುಕೊಂಡು ಊರಿಗೆ ಮರಳುವಾಗ ಬ್ಲಾಕ್ ಇಳಿದು ದಿನಗಳೇ ಆಗಿರುತ್ತವೆ. ಮುಂದೆ ಕಾಫಿ ಕೊಯ್ಲು. ಎದೆಮೂಳೆ ಕೂಡಿಕೊಳ್ಳಲು ವಾರಗಟ್ಟಲೆ ಬೇಕು, ತೋಟದ ಕೆಲಸ ಕಾಯುವುದಿಲ್ಲ. ಮೆಡಿಕಲ್ ಶಾಪಿನಲ್ಲಿ ಕೇಳಿದೊಡನೆ ಸಿಗುವುದು ಡೈಕ್ಲೋಫೆನಾಕ್, ಐಬುಪ್ರೊಫೆನ್. ಬೈಪಾಸ್ ಆದ ಹೊಸತರಲ್ಲಿ ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯ ಹೆಚ್ಚಿಸುವ ಗುಂಪಿನವೇ ಅವು. ಬ್ಲಾಕ್ ಎಷ್ಟೇ ಚೆನ್ನಾಗಿ ಕೊಟ್ಟಿರಲಿ, ಅದು ಇಳಿದ ಮೇಲೆ ಯಾವ ಮಾತ್ರೆ ನುಂಗಬೇಕು, ಯಾವುದನ್ನು ಮುಟ್ಟಲೇಬಾರದು ಎಂದು ಡಿಸ್ಚಾರ್ಜ್ ಚೀಟಿಯಲ್ಲಿ ಕನ್ನಡದಲ್ಲಿ ಬರೆದುಕೊಡದಿದ್ದರೆ ಚಿಕಿತ್ಸೆ ಅರ್ಧಕ್ಕೇ ನಿಂತಂತೆ. ಮುಂದಿನ ಅಧ್ಯಯನ ಮಾಡುವವರು ಆರನೇ ವಾರ ರೋಗಿಯ ಮನೆಗೊಂದು ಫೋನ್ ಮಾಡಿ, ಈಗ ಕೆಮ್ಮಿದರೆ ಎಷ್ಟು ನೋಯುತ್ತದೆಂದು ಕೇಳಿ, ಆ ಉತ್ತರವನ್ನೂ ಲೆಕ್ಕಕ್ಕೆ ಸೇರಿಸಲಿ.